ಶೇರ್ವಾನಿಯ ಬೆಲೆ ಯಾರು ಕಟ್ಟಬೇಕು?

(ಸಂಘದ ವಾರ್ಷಿಕ ಸಮ್ಮೇಳನದಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರ ಮುಂದೆ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ದುಂದುವೆಚ್ಚ ಮತ್ತು ನಮ್ಮ ಯುವಕರು’. ಈ ವಿಷಯದ ಮೇಲೆ ನೀವೆಲ್ಲ ವರ್ಷಕ್ಕೆ ಎರಡು ಸಲವಾದರೂ ಬಯಾನ್ ಕೇಳಿರುತ್ತೀರಿ. ಕೇಳಿ, ತಲೆದೂಗಿ, ಹೊರಗೆ ಬಂದು, ಮರುದಿನ ಮಿರಜಕ್ಕೋ ಬೆಳಗಾವಿಗೋ ಲಗ್ನದ ಬಟ್ಟೆ ತರಲು ಗಾಡಿ ಹತ್ತಿರುತ್ತೀರಿ. ಅದಕ್ಕೇ ನಾನು ದುಂದುವೆಚ್ಚ ಎಂಬ ದೊಡ್ಡ ಮಾತನ್ನು ಬದಿಗಿಟ್ಟು ಒಂದೇ ಒಂದು ವಸ್ತುವನ್ನು ಈ ಮೇಜಿನ ಮೇಲೆ ಇಡುತ್ತೇನೆ. ಅದು ಶೇರ್ವಾನಿ. ದುಕಾನದ ಗಾಜಿನೊಳಗೆ ತಲೆಯಿಲ್ಲದ ಗೊಂಬೆಯ ಮೈಮೇಲೆ ನಿಂತಿರುತ್ತದಲ್ಲ, ಬಿಳಿ, ಕೆನೆ, ಗುಲಾಬಿ ಬಣ್ಣದ್ದು, ಎದೆಯ ತುಂಬ ಕಸೂತಿ ಇರುವಂಥದ್ದು, ಅದೇ. ಕೊರಳಿಗೆ ಕಟ್ಟಿದ ಚೀಟಿಯಲ್ಲಿ 11,800 ಎಂದಿದೆ ಎಂದು ಇಟ್ಟುಕೊಳ್ಳೋಣ. ಅದಕ್ಕೆ ಅಷ್ಟು ಬಾಳುತ್ತದೋ ಇಲ್ಲವೋ? ನಾವೆಲ್ಲ ಸೇರಿ ಲೆಕ್ಕ ಮಾಡೋಣ. ನಾನು ಉರ್ದು ಮತ್ತು ಕನ್ನಡದ ಮಾಸ್ತರ. ಗಣಿತ ನನ್ನ ವಿಷಯವಲ್ಲ. ಆದರೂ ಇಷ್ಟು ಲೆಕ್ಕ ನನಗೂ ಬರುತ್ತದೆ.

ಮೊದಲು ಈ ಕೋಟು ಎಲ್ಲಿಂದ ಬಂತು ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬಹಳ ಜನ ಇದು ಬಾದಶಹರ ಉಡುಪು, ಆದ್ದರಿಂದ ಲಗ್ನದ ದಿನ ‘ನೌಶಾ’ ಅಂದರೆ ಹೊಸ ಬಾದಶಹನಾಗುವ ವರನಿಗೆ ಇದೇ ಸರಿ ಎಂದು ತಿಳಿದಿದ್ದಾರೆ. ಇಂದು ನಾವು ನೋಡುವ ಶೇರ್ವಾನಿ ರೂಪಗೊಂಡದ್ದು 19ನೆಯ ಶತಮಾನದಲ್ಲಿ. ನಮ್ಮ ಕಡೆಯ ಅಂಗರಖಾ, ಚಪಕನ್‌ಗಳಿಗೆ ಇಂಗ್ಲಿಷರ ಉದ್ದ ಫ್ರಾಕ್ ಕೋಟಿನ ಹೊಲಿಗೆ ಕೂಡಿ ಆದ ಉಡುಪು ಇದು. ಸರ್ ಸಯ್ಯದ್ ಅಹಮದ್ ಖಾನರು 1875ರಲ್ಲಿ ಅಲಿಗಢದಲ್ಲಿ ಆರಂಭಿಸಿದ ಶಾಲೆ ಮುಂದೆ ಕಾಲೇಜಾಗಿ 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿಯ ವಿದ್ಯಾರ್ಥಿಗಳ ಗುರುತು ಎಂದರೆ ಕರಿ ಶೇರ್ವಾನಿ. ಮೌಲಾನಾ ಅಬುಲ್ ಕಲಾಂ ಆಜಾದರ ಫೋಟೋ ನಿಮ್ಮ ಶಾಲೆಯ ಗೋಡೆಯ ಮೇಲಿದೆ. 2008ರಿಂದ ಅವರ ಜನ್ಮದಿನವಾದ ನವೆಂಬರ್ 11ನ್ನು ರಾಷ್ಟ್ರೀಯ ಶಿಕ್ಷಣ ದಿನವೆಂದು ಆಚರಿಸುತ್ತೇವೆ. ಆ ಫೋಟೋದಲ್ಲಿ ಅವರ ಮೈಮೇಲೆ ಇರುವುದೂ ಶೇರ್ವಾನಿಯೇ. ಡಾ. ಜಾಕಿರ್ ಹುಸೇನರೂ ಅಷ್ಟೇ, ಜಾಮಿಯಾದ ಮಾಸ್ತರರಾಗಿದ್ದವರು 1967ರಲ್ಲಿ ರಾಷ್ಟ್ರಪತಿಗಳಾದರು, ಉಡುಪು ಶೇರ್ವಾನಿಯೇ ಆಗಿತ್ತು. ಇವರು ಯಾರ ಶೇರ್ವಾನಿಯ ಮೇಲಾದರೂ ಮಣಿ, ಹರಳು, ಮಿಂಚು ಕಂಡಿದ್ದೀರಾ?

ಈ ಕೋಟು ಓದುವವರ, ಕಲಿಸುವವರ, ಕೆಲಸಕ್ಕೆ ಹೋಗುವವರ ಕೋಟಾಗಿತ್ತು. ತಿಂಗಳಲ್ಲಿ ಹತ್ತು ದಿನ ಮೈಮೇಲೆ ಇರುತ್ತಿತ್ತು. ನಾವು ಅದನ್ನು ಒಂದು ದಿನದ ಕೋಟನ್ನಾಗಿ ಮಾಡಿದ್ದೇವೆ. ಬೆಲೆಯ ತಕರಾರು ಶುರುವಾಗುವುದು ಇಲ್ಲಿಂದ.

ಈಗ ಲೆಕ್ಕಕ್ಕೆ ಬರೋಣ. 11,800ರ ಶೇರ್ವಾನಿ ತಂದಿರಿ. ನಿಕಾಹದ ದಿನ ಹಾಕಿದಿರಿ. ಮುಂದೆ ಬಂದ ಎರಡು ಈದಿಗೆ ಹಾಕಿದಿರಿ. ತಂಗಿಯ ಲಗ್ನದಲ್ಲಿ ಇನ್ನೊಮ್ಮೆ. ನಾಲ್ಕು ಸಲ. ಐದನೆಯ ಸಲ ಹಾಕಲು ನಿಮಗೇ ನಾಚಿಕೆ, ಏಕೆಂದರೆ ಎದೆಯ ಮೇಲಿನ ಆ ಕಸೂತಿ ನೋಡಿದವರೆಲ್ಲ ‘ಲಗ್ನದ್ದಲ್ಲೇನೋ ಇದು?’ ಎಂದು ಕೇಳುತ್ತಾರೆ. ಹಾಗಾದರೆ ಒಂದು ಸಲಕ್ಕೆ 2,950 ರೂಪಾಯಿ ಬಿತ್ತು. ಇನ್ನೊಬ್ಬ ಹುಡುಗ ಮೂರೂವರೆ ಮೀಟರ್ ಒಳ್ಳೆಯ ಸಾದಾ ಬಟ್ಟೆ ತಂದ. ಮೀಟರಿಗೆ 600ರಂತೆ 2,100. ಅಸ್ತರು, ಕ್ಯಾನ್ವಾಸು, ಗುಂಡಿ ಸೇರಿ 700. ಹೊಲಿಗೆ 2,500. ಒಟ್ಟು 5,300. ಇದು ಸಾದಾ ಇರುವುದರಿಂದ ಎಂಟು ವರ್ಷ ಎರಡೆರಡು ಈದಿಗೆ ಹಾಕಿದ, ಅಂದರೆ 16 ಸಲ. ಗೆಳೆಯರ ನಿಕಾಹ, ಶಾಲೆಯ ಸಮಾರಂಭ ಎಂದು ಇನ್ನೊಂದು 14 ಸಲ. ಮೂವತ್ತು ಸಲಕ್ಕೆ ಭಾಗಿಸಿದರೆ ಒಂದು ಸಲಕ್ಕೆ 177 ರೂಪಾಯಿ. ಅಂಕಿಗಳನ್ನು ಉದಾಹರಣೆಗೆಂದು ಇಟ್ಟುಕೊಂಡಿದ್ದೇನೆ, ನಿಮ್ಮ ದುಕಾನದ ಅಂಕಿ, ನಿಮ್ಮ ದರ್ಜಿಯ ಅಂಕಿ ಹಾಕಿ ನೀವೇ ಮಾಡಿ ನೋಡಿರಿ. ಲೆಕ್ಕದ ರೀತಿ ಬದಲಾಗುವುದಿಲ್ಲ.

ಇದರಲ್ಲಿ ಸರಕಾರದ ತೆರಿಗೆಯ ಪಾಲೂ ಇದೆ, ಅದನ್ನು ಯಾರೂ ಗಮನಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತು. ಸಿದ್ಧ ಉಡುಪು ಒಂದಕ್ಕೆ 2,500 ರೂಪಾಯಿವರೆಗೆ ಇದ್ದರೆ ಶೇ. 5, ಅದಕ್ಕಿಂತ ಹೆಚ್ಚಿದ್ದರೆ ಶೇ. 18. ಹಿಂದೆ ಸಾವಿರ ದಾಟಿದ್ದಕ್ಕೆ ಶೇ. 12 ಇತ್ತು. ಆದ್ದರಿಂದ 11,800ರ ಆ ಚೀಟಿಯಲ್ಲಿ 1,800 ರೂಪಾಯಿ ಬರೀ ತೆರಿಗೆ. ಥಾನಿನಿಂದ ಮೀಟರಿನ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಸಾಮಾನ್ಯ ಬಟ್ಟೆಗೆ ಶೇ. 5 ಮಾತ್ರ. ವರ್ಷಕ್ಕೆ 20 ಲಕ್ಷದ ವಹಿವಾಟು ದಾಟದ ನಮ್ಮ ಓಣಿಯ ದರ್ಜಿಗೆ ಜಿಎಸ್‌ಟಿ ನೋಂದಣಿಯೇ ಕಡ್ಡಾಯವಲ್ಲ. ಅಂದರೆ ಹೊಲಿಸಿದವನು ಓಣಿಯ ದರ್ಜಿಗೆ ಕೂಲಿ ಕೊಟ್ಟ, ಮೇಲಾಗಿ ತೆರಿಗೆಯನ್ನೂ ಕಡಿಮೆ ಕಟ್ಟಿದ. ಬಟ್ಟೆಗಾಗಿ ನೀವು ಮುಂಬಯಿಗೆ ಹೋಗಬೇಕಾಗಿಲ್ಲ. 1904ರಿಂದ ಪವರ್‌ಲೂಮ್ ನಡೆಸುತ್ತಿರುವ ಇಚಲಕರಂಜಿ ನಮ್ಮ ಮಗ್ಗುಲಲ್ಲೇ ಇದೆ.

ಹಾಗಾದರೆ ಸಿದ್ಧ ಶೇರ್ವಾನಿ ಎಲ್ಲವೂ ಮೋಸವೇ ಎಂದು ಕೇಳಬಹುದು. ಅಲ್ಲ. ಒಳ್ಳೆಯ ಕೈಕೆಲಸಕ್ಕೆ ಒಳ್ಳೆಯ ಬೆಲೆ ಇರಲೇಬೇಕು, ಏಕೆಂದರೆ ಜರ್ದೋಜಿ ಮಾಡುವವನೂ ಹೊಟ್ಟೆಗೆ ಉಣ್ಣಬೇಕು. ಅವನ ಕೆಲಸದ ಬೆಲೆಯನ್ನು ಯಂತ್ರದ ಕೆಲಸಕ್ಕೆ ಕೊಟ್ಟು ಬರಬಾರದು, ನನ್ನ ತಕರಾರು ಅಷ್ಟೇ. ಕೋಟನ್ನು ಹೊರಗಿನಿಂದ ನೋಡಿ ಬೆಲೆ ಕಟ್ಟಬೇಡಿ, ಒಳಗನ್ನು ಹೊರಗೆ ಮಾಡಿ ನೋಡಿರಿ. ಕಸೂತಿಯ ಹಿಂಬದಿ ಅಸ್ತರಿನೊಳಗೆ ಮುಚ್ಚಿರುತ್ತದೆ, ಆದರೆ ತೋಳಿನ ತುದಿಯಲ್ಲಿ, ಕೆಳಗಿನ ಮಡಿಕೆಯಲ್ಲಿ ಬೆರಳು ತೂರಿಸಿದರೆ ಕಾಣುತ್ತದೆ. ಕೈಕೆಲಸದ ಹಿಂಬದಿಯಲ್ಲಿ ದಾರದ ಗಂಟುಗಳು ಇರುತ್ತವೆ, ಒಂದು ಹೂವು ಇನ್ನೊಂದರ ಹಾಗೆ ಪೂರ್ತಿ ಇರುವುದಿಲ್ಲ. ಯಂತ್ರದ್ದಾದರೆ ಎಲ್ಲವೂ ಒಂದೇ ಅಚ್ಚು, ಹಿಂದೆ ಬಿಳಿ ಕಾಗದದಂಥ ಪದರು ಅಂಟಿರುತ್ತದೆ. ಜರಿಯಲ್ಲೂ ಮೂರು ತರಹ. ಬೆಳ್ಳಿಗೆ ಚಿನ್ನದ ಲೇಪ ಕೊಟ್ಟದ್ದು ಅಸಲಿ. ತಾಮ್ರದ್ದು ನಕಲಿ, ಬೆವರು ತಾಗಿ ಕಪ್ಪಾಗುತ್ತದೆ. ಮೂರನೆಯದು ಬರೀ ಪ್ಲಾಸ್ಟಿಕ್ಕಿನ ಮಿಂಚು. ಮೂರಕ್ಕೂ ದುಕಾನದವನು ಹೇಳುವ ಹೆಸರು ಒಂದೇ, ‘ಜರಿ ವರ್ಕ್’.

ಎದೆಯ ಭಾಗವನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಉಜ್ಜಿರಿ. ಹೊರಗಿನ ಬಟ್ಟೆ ಮತ್ತು ಅಸ್ತರಿನ ನಡುವೆ ಮೂರನೆಯ ಪದರು ಬೇರೆಯಾಗಿ ಜಾರಿದರೆ ಅದು ಹೊಲಿದು ಕೂಡಿಸಿದ ಕ್ಯಾನ್ವಾಸು. ಜಾರದೆ ರಟ್ಟಿನ ಹಾಗೆ ಗಟ್ಟಿಯಾಗಿದ್ದರೆ ಅದನ್ನು ಶಾಖ ಕೊಟ್ಟು ಅಂಟಿನಿಂದ ಕೂಡಿಸಿದ್ದಾರೆ. ಅಂಟಿಸಿದ್ದೆಲ್ಲ ಕೆಟ್ಟದ್ದಲ್ಲ, ಕಡಿಮೆ ಬೆಲೆಯ ಕೋಟಿಗೆ ಅದೇ ಸರಿ. ಆದರೆ ಅಗ್ಗದ ಅಂಟು ಎರಡು ಮೂರು ಸಲ ಡ್ರೈಕ್ಲೀನಿಂಗ್ ಆದಮೇಲೆ ಬಿಟ್ಟು, ಎದೆಯ ಮೇಲೆ ಹಪ್ಪಳದ ಹಾಗೆ ಗುಳ್ಳೆ ಎದ್ದರೆ ಅದನ್ನು ಯಾವ ಇಸ್ತ್ರಿಯೂ ಸರಿಮಾಡಲಾರದು. ಇನ್ನು ಬಗಲಿನ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿರಿ. ನಮ್ಮ ದರ್ಜಿಗಳು ಒಂದರಿಂದ ಒಂದೂವರೆ ಇಂಚು ಒಳಗೆ ಬಿಡುತ್ತಾರೆ, ಲಗ್ನವಾದ ಗಂಡಸು ಎರಡು ವರ್ಷದಲ್ಲಿ ಹೇಗೆ ತುಂಬಿಕೊಳ್ಳುತ್ತಾನೆಂದು ಅವರಿಗೆ ಗೊತ್ತು! ಸಿದ್ಧ ಉಡುಪಿನಲ್ಲಿ ಬಹಳ ಸಲ ಅರ್ಧ ಇಂಚೂ ಇರುವುದಿಲ್ಲ. ಅದನ್ನು ಬಿಚ್ಚಿ ಸಡಿಲ ಮಾಡುವ ಹಾಗಿಲ್ಲ.

ಮತ್ತೊಂದು ಪರೀಕ್ಷೆಯನ್ನು ಯಾವ ಫ್ಯಾಶನ್ ಪುಸ್ತಕವೂ ನಿಮಗೆ ಹೇಳಿಕೊಡುವುದಿಲ್ಲ. ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತೀರಿ, ಸರಿ. ಅಲ್ಲಿಯೇ ರುಕೂಅ್ ಮಾಡಿರಿ, ಸಜ್ದಾದ ಹಾಗೆ ಬಾಗಿ ನೋಡಿರಿ, ಅತ್ತಹಿಯ್ಯಾತಿನ ಹಾಗೆ ಕುಳಿತುಕೊಳ್ಳಿರಿ. ದುಕಾನದವನು ನಕ್ಕರೆ ನಗಲಿ. ನಿಕಾಹದ ದಿನವೂ ಜೋಹರ್ ಇರುತ್ತದೆ, ಈದಿನ ದಿನವಂತೂ ನಮಾಜೇ ಮುಖ್ಯ. ಬಗಲು ಹಿಡಿದರೆ, ಬೆನ್ನು ಬಿಗಿದರೆ, ಮೊಣಕಾಲು ಮಡಚಿದಾಗ ಕೆಳಗಿನ ಚಾಕ್ ಸಾಲದೆ ಹೊಲಿಗೆ ಚಿರ್ರೆಂದರೆ ಆ ಕೋಟು ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ ಮಾತ್ರ ಹೊಲಿದದ್ದು. ಕಳೆದ ಕೆಲವು ವರ್ಷಗಳಿಂದ ಈದುಲ್ ಫಿತ್ರ್ ನಮಗೆ ಬಿಸಿಲಿನಲ್ಲಿ ಬರುತ್ತಿದೆ. 2024ರಲ್ಲಿ ಏಪ್ರಿಲ್ 11ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂತು. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತ ಅದು ಚಳಿಗಾಲಕ್ಕೆ ಹೋಗುತ್ತದೆ, ಆದರೆ ನಮ್ಮ ಲಗ್ನಗಳು ಏಪ್ರಿಲ್, ಮೇ ಬಿಟ್ಟು ಕದಲುವುದಿಲ್ಲ. ರಾಯಬಾಗದ ಮೇ ತಿಂಗಳ ಬಿಸಿಲಲ್ಲಿ ಪಾಲಿಯೆಸ್ಟರ್ ಮೇಲೆ, ಪಾಲಿಯೆಸ್ಟರ್ ಒಳಗೆ, ನಡುವೆ ಅಂಟು. ವರ ಬೆವರಿನಲ್ಲಿ ತೋಯ್ದು ‘ಕುಬೂಲ್ ಹೈ’ ಎನ್ನುವುದನ್ನು ನಾವೆಲ್ಲ ನೋಡಿದ್ದೇವೆ.

ರೇಷ್ಮೆಯ ಬಗ್ಗೆ ಒಂದು ಮಾತು. ಗಂಡಸರಿಗೆ ಅಪ್ಪಟ ರೇಷ್ಮೆಯ ಉಡುಪು ಜಾಯಜ್ ಅಲ್ಲ ಎಂಬುದು ನಿಮಗೆ ಗೊತ್ತೇ ಇದೆ, ಅಂಚಿಗೆ ಎಷ್ಟು ಇರಬಹುದು ಎಂಬ ವಿವರವನ್ನು ಉಲೇಮಾಗಳಿಂದ ಕೇಳಿ ತಿಳಿಯಿರಿ. ಹಿಂದಿನವರು ಇದಕ್ಕೆ ಎಷ್ಟು ಚೆಂದದ ದಾರಿ ಕಂಡುಕೊಂಡಿದ್ದರು ನೋಡಿ. ರೇಷ್ಮೆಯ ಹಾಸು, ಹತ್ತಿಯ ಹೊಕ್ಕು ಸೇರಿಸಿ, ಮೈಗೆ ಹತ್ತಿ ತಾಗುವಂತೆ, ಹೊರಗೆ ರೇಷ್ಮೆ ಹೊಳೆಯುವಂತೆ ಒಂದು ಬಟ್ಟೆ ನೇಯ್ದರು. ಅದಕ್ಕೆ ‘ಮಶ್ರೂ’ ಎಂದು ಹೆಸರಿಟ್ಟರು, ಶರಿಯತ್ತು ಒಪ್ಪಿದ್ದು ಎಂಬ ಅರ್ಥದಲ್ಲಿ. ಔರಂಗಾಬಾದ್ ಎಂದು ಕರೆಯುತ್ತಿದ್ದ, ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರಿನ ಹಿಮ್ರೂ ಬಟ್ಟೆಯೂ ಹತ್ತಿ ರೇಷ್ಮೆ ಬೆರೆತದ್ದೇ. ಈಗ ದುಕಾನದಲ್ಲಿ ‘ಪ್ಯೂರ್ ಸಿಲ್ಕ್ ಶೇರ್ವಾನಿ’ ಎಂದು ಬೋರ್ಡು ಇರುತ್ತದೆ. ನಿಜವಾಗಿ ಅಪ್ಪಟ ರೇಷ್ಮೆಯಾಗಿದ್ದರೆ ನಾವು ಹಾಕುವಂತಿಲ್ಲ. ಬಹಳ ಸಲ ಅದು ರೇಷ್ಮೆಯಲ್ಲ, ‘ಆರ್ಟ್ ಸಿಲ್ಕ್’ ಎಂಬ ಹೆಸರಿನ ಪಾಲಿಯೆಸ್ಟರ್. ಹಾಕಲು ಅಡ್ಡಿಯಿಲ್ಲ, ಆದರೆ ರೇಷ್ಮೆಯ ಬೆಲೆ ಏಕೆ ಕೊಡಬೇಕು? ಒಳಹೊಲಿಗೆಯಿಂದ ಒಂದು ಎಳೆ ತೆಗೆಯಲು ಕೇಳಿರಿ, ಕಡ್ಡಿ ಗೀರಿ ಸುಡಿರಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿ ಪುಡಿಯಾಗುತ್ತದೆ. ಹತ್ತಿ ಕಾಗದ ಸುಟ್ಟ ಹಾಗೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ.

ಬಿಲ್ ಕೇಳಲು ಮರೆಯಬೇಡಿ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡಿಗೆ ಹೆದರಲೂ ಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಮನಸ್ಸು ಬದಲಾಯಿತೆಂದು ಮರಳಿಸುವ ಹಕ್ಕು ಇದಲ್ಲ, ದೋಷವಿದ್ದರೆ ಮಾತ್ರ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲೇ ಮಾತಾಡಬಹುದು.

ಇಲ್ಲಿಯವರೆಗೆ ಹೇಳಿದ್ದು ಕೊಳ್ಳುವವನ ಜಾಣತನದ ಮಾತು. ಇಷ್ಟಕ್ಕೇ ಮುಗಿಸಿದ್ದರೆ ಅಧ್ಯಕ್ಷರು ಸಂತೋಷಪಡುತ್ತಿದ್ದರು, ಊಟದ ಹೊತ್ತೂ ಆಗಿದೆ. ಆದರೆ ಒಂದು ಪ್ರಶ್ನೆ ಉಳಿದಿದೆ. ನಾನು ನಿಜವಾಗಿ ಹೇಳಬೇಕೆಂದು ಬಂದದ್ದು ಅದನ್ನೇ. ಆ 11,800 ಯಾರ ಹಣ?

ನಿಮ್ಮ ಪಗಾರದಿಂದ ನೀವು ಕೊಂಡರೆ ಲೆಕ್ಕ ನಿಮ್ಮದು. ಸೂರಾ ಅಲ್ ಅಅ್‌ರಾಫಿನಲ್ಲಿ ಅಲಂಕಾರ ಮಾಡಿಕೊಳ್ಳುವ ಮಾತೂ ಅತಿರೇಕ ಬೇಡವೆಂಬ ಮಾತೂ ಒಂದೇ ಆಯತಿನಲ್ಲಿ ಬರುತ್ತವೆ, ಚೆಂದವಾಗಿ ಉಡುವುದು ತಪ್ಪೆಂದು ದೀನ್ ಹೇಳಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಕಡೆ ವರನ ಶೇರ್ವಾನಿ ತರುವವರು ವಧುವಿನ ಮನೆಯವರು. ಆರಿಸುವವನು ಒಬ್ಬ, ಹಣ ಕೊಡುವವನು ಇನ್ನೊಬ್ಬ. ಹಣ ಕೊಡದವನಿಗೆ ಯಾವ ಬೆಲೆಯೂ ಹೆಚ್ಚೆನಿಸುವುದಿಲ್ಲ. ನಾನು ಈಗ ಹೇಳಿದ ಕ್ಯಾನ್ವಾಸು, ಜರಿ, ಹೊಲಿಗೆ, ಭಾಗಾಕಾರ ಯಾವುದೂ ಅವನಿಗೆ ಬೇಕಾಗಿಲ್ಲ.

ಹೈದರಾಬಾದು, ಬೀದರ, ಕಲಬುರಗಿಯ ಕಡೆ ವರದಕ್ಷಿಣೆಗೆ ‘ಜೋಡೆ ಕೀ ರಕಮ್’ ಎನ್ನುತ್ತಾರೆ. ಉರ್ದು ಮಾಸ್ತರನಾಗಿ ಈ ಶಬ್ದವನ್ನು ನಿಮಗೆ ಬಿಡಿಸಿ ಹೇಳಬೇಕು. ‘ಜೋಡಾ’ ಎಂದರೆ ಒಂದು ಜೊತೆ ಬಟ್ಟೆ. ‘ಜೋಡೆ ಕೀ ರಕಮ್’ ಎಂದರೆ ವರನ ಒಂದು ಜೊತೆ ಬಟ್ಟೆಯ ಹಣ. ಶಬ್ದದ ಅರ್ಥ ಇಂದಿಗೂ ಅಷ್ಟೇ. ಆದರೆ ಆ ಹೆಸರಿನಲ್ಲಿ ಲಕ್ಷಗಟ್ಟಲೆ ನಗದು ಎಣಿಸುತ್ತಾರೆ. ಒಂದು ಕೋಟಿನ ನೆಪದಲ್ಲಿ ಒಳಗೆ ಬಂದದ್ದು ಎಲ್ಲಿಗೆ ಮುಟ್ಟಿತೆಂದು ಆ ಶಬ್ದವೇ ಸಾಕ್ಷಿ ಹೇಳುತ್ತಿದೆ. ನಮ್ಮ ಕಡೆ ಆ ಶಬ್ದ ಇಲ್ಲ, ಆದರೆ ‘ಹುಡುಗನ ಬಟ್ಟೆ ನಿಮ್ಮ ಕಡೆಯಿಂದ’ ಎಂಬ ಮಾತು ಇದೆ.

ನಮ್ಮ ತಾಲೂಕಿನದೇ ಒಂದು ಮನೆ. ಹೆಸರು, ಊರು ಬೇಡ. ತಂದೆ ಹಮಾಲಿ. ದೊಡ್ಡ ಮಗಳ ಲಗ್ನ ನಿಶ್ಚಯವಾಗಿತ್ತು. ಚಿಕ್ಕವಳು ನನ್ನ ವಿದ್ಯಾರ್ಥಿನಿ, ಪಿಯುಸಿ ಒಳ್ಳೆಯ ಅಂಕಗಳಿಂದ ಮುಗಿಸಿ ಪದವಿಗೆ ಹೆಸರು ಹಚ್ಚಬೇಕಾಗಿತ್ತು. ಲಗ್ನಕ್ಕೆ ಮೂರು ವಾರ ಇರುವಾಗ ವರನ ಕಡೆಯಿಂದ ಮೊಬೈಲಿಗೆ ಒಂದು ಫೋಟೋ ಬಂತು. ಒಂದು ಶೇರ್ವಾನಿ, ಕೆಳಗೆ ಬೆಲೆ 18,500. ಬೇಡಿಕೆ ಏನೂ ಬರೆದಿರಲಿಲ್ಲ. ‘ಹುಡುಗನಿಗೆ ಇದು ಪಸಂದ್ ಆಗ್ಯಾದ’ ಎಂದಷ್ಟೇ. ಆ ತಾಯಿ ವಾರದ ಕಂತಿನ ಸಾಲ ತೆಗೆದರು, 50 ವಾರ ತುಂಬುವಂಥದ್ದು. ಕಾಲೇಜಿನ ಫೀ ತುಂಬುವ ಕಡೆಯ ದಿನ ಮತ್ತು ಮೂರನೆಯ ಕಂತು ಒಂದೇ ವಾರದಲ್ಲಿ ಬಂದವು. ಕಂತು ತುಂಬಿದರು. ಹುಡುಗಿ ಆ ವರ್ಷ ಮನೆಯಲ್ಲಿ ಕುಳಿತಳು, ಮುಂದಿನ ವರ್ಷ ಹೆಸರು ಹಚ್ಚಿದಳು, ಅಲ್‌ಹಮ್ದುಲಿಲ್ಲಾಹ್. ಎಲ್ಲ ಹುಡುಗಿಯರಿಗೂ ಮುಂದಿನ ವರ್ಷ ಸಿಗುವುದಿಲ್ಲ. ಆ ಶೇರ್ವಾನಿ ಈಗ ಕಪಾಟಿನಲ್ಲಿದೆ. ವರ ಎರಡು ಇಂಚು ದಪ್ಪಗಾಗಿದ್ದಾನೆ, ಒಳಗೆ ಬಿಟ್ಟ ಬಟ್ಟೆ ಇಲ್ಲ, ಸಡಿಲ ಮಾಡಲು ಬರುವುದಿಲ್ಲ.

ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ಕರ್ನಾಟಕ ಸರಕಾರ 2025ರಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಅದು ಮನೆಯ ಮುಂದೆ ಬಂದು ಕೂಗಾಡುವವರನ್ನು ತಡೆಯಬಹುದು. ಕೋಟಿಗಾಗಿ ಸಾಲ ತೆಗೆಯುವುದನ್ನು ತಡೆಯಲು ಕಾಯ್ದೆಗೆ ಆಗುವುದಿಲ್ಲ.

1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು ನಾವು ಬೇರೆಯವರ ಕಾಯ್ದೆ ಎಂದು ತಿಳಿದಂತಿದೆ. ಅದು ಎಲ್ಲರಿಗೂ ಅನ್ವಯಿಸುತ್ತದೆ. ನಮ್ಮ ಮೆಹರನ್ನು ಮಾತ್ರ ಆ ಕಾಯ್ದೆಯೇ ವರದಕ್ಷಿಣೆಯಿಂದ ಹೊರಗಿಟ್ಟಿದೆ. ಕೇಳದೆ ಕೊಟ್ಟ ಉಡುಗೊರೆಗೆ ಅಡ್ಡಿಯಿಲ್ಲ, ಆದರೆ ಅದನ್ನು ಪಟ್ಟಿಯಲ್ಲಿ ಬರೆದಿಡಬೇಕೆಂದು 1985ರ ನಿಯಮಗಳಿವೆ. ಇನ್ನೊಂದು ಶರತ್ತನ್ನು ಲಕ್ಷ್ಯವಿಟ್ಟು ಕೇಳಿರಿ. ವಧುವಿನ ಕಡೆಯವರು ಕೊಡುವ ಉಡುಗೊರೆ ರೂಢಿಯಲ್ಲಿರುವಂಥದ್ದಾಗಿರಬೇಕು, ಅದರ ಬೆಲೆ ಕೊಡುವವರ ಆರ್ಥಿಕ ಸ್ಥಿತಿಗೆ ಮೀರಿದ್ದಾಗಿರಬಾರದು. ಅಂದರೆ ಒಂದು ಕೋಟು ತನ್ನ ಬೆಲೆಗೆ ಬಾಳುತ್ತದೋ ಇಲ್ಲವೋ ಎಂಬುದನ್ನು ಕಾಯ್ದೆ ಬಟ್ಟೆ ಮುಟ್ಟಿ ನೋಡಿ ಹೇಳುವುದಿಲ್ಲ, ಕೊಡುವವನ ಕಿಸೆ ನೋಡಿ ಹೇಳುತ್ತದೆ. ಫೋಟೋ ಕಳಿಸಿದ್ದು ಬೇಡಿಕೆಯಲ್ಲ ಎಂದು ವಾದಿಸುವವರು ಇದ್ದಾರೆ. ಹಾಗಾದರೆ ಫೋಟೋದ ಕೆಳಗೆ ಬೆಲೆ ಏಕೆ ಇತ್ತು ಎಂದು ನಾನು ಕೇಳುತ್ತೇನೆ.

ನಿಕಾಹಕ್ಕೆ ಬೇಕಾದದ್ದು ಈಜಾಬ್, ಕುಬೂಲ್, ಇಬ್ಬರು ಸಾಕ್ಷಿಗಳು, ಮೆಹರ್. ಮೆಹರ್ ಕೊಡಬೇಕಾದವನು ವರ, ವಲೀಮಾ ಮಾಡಬೇಕಾದವನು ವರ. ವಧುವಿನ ತಂದೆ ವರನಿಗೆ ಕೋಟು ಹೊಲಿಸಬೇಕೆಂದು ಎಲ್ಲಿದೆ? ನೀವು ಮುಂದಿನ ಸಲ ಯಾವುದಾದರೂ ನಿಕಾಹಕ್ಕೆ ಹೋದಾಗ ಎರಡು ಅಂಕಿ ಕೇಳಿರಿ. ಖಾಜಿ ಸಾಹೇಬರು ಓದುವ ಮೆಹರ್ ಎಷ್ಟು, ವರನ ಮೈಮೇಲಿನ ಶೇರ್ವಾನಿ ಎಷ್ಟು? ಶೇರ್ವಾನಿಯ ಹಣ ನಗದು, ಮೊದಲೇ ಕೊಟ್ಟಾಗಿದೆ. ಮೆಹರಿನ ಮುಂದೆ ಬಹಳ ಸಲ ‘ಮುಅಜ್ಜಲ್’, ಮುಂದೆ ಎಂದಾದರೂ ಕೊಡುವುದು, ಎಂದು ಬರೆದಿರುತ್ತದೆ. ಯಾವ ಅಂಕಿ ದೊಡ್ಡದು ಎಂಬುದನ್ನು ನಾನು ಹೇಳುವುದಿಲ್ಲ, ನೀವೇ ನೋಡಿಕೊಳ್ಳಿರಿ.

ಗಂಡುಮಕ್ಕಳೆ, ನಿಪ್ಪಾಣಿಯ ಕಡೆಯಿಂದ ಬಂದವರು ನಿಮ್ಮಲ್ಲಿ ಹಲವರಿದ್ದೀರಿ. ಅಲ್ಲಿ ಬೀಡಿಯ ಕೂಲಿಯನ್ನು ಸಾವಿರಕ್ಕೆ ಇಷ್ಟು ಎಂದು ಲೆಕ್ಕ ಮಾಡುತ್ತಾರೆ. ಸಾವಿರ ಬೀಡಿಗೆ ಕೈಗೆ ಎಷ್ಟು ಬರುತ್ತದೆ ಎಂದು ಇಂದು ರಾತ್ರಿ ತಾಯಿಯನ್ನು ಕೇಳಿರಿ. 11,800ನ್ನು ಆ ಅಂಕಿಯಿಂದ ಭಾಗಿಸಿರಿ. ಬಂದ ಉತ್ತರದ ಮುಂದೆ ‘ಸಾವಿರ ಬೀಡಿ’ ಎಂದು ಬರೆಯಿರಿ. ಕಬ್ಬು ಕಡಿಯುವವರ ಮನೆಯಲ್ಲಿ ಟನ್ನಿನ ಲೆಕ್ಕ, ಹಮಾಲರ ಮನೆಯಲ್ಲಿ ಚೀಲದ ಲೆಕ್ಕ. ಆಮೇಲೆ ನಿಮ್ಮ ಹೆಂಡತಿಯಾಗುವವಳ ತಾಯಿ ಯಾವ ಕೆಲಸ ಮಾಡುತ್ತಾರೆಂದು ತಿಳಿದುಕೊಂಡು ಅದೇ ಲೆಕ್ಕ ಇನ್ನೊಮ್ಮೆ ಮಾಡಿರಿ. (ಹೆಣ್ಣುಮಕ್ಕಳು ಅಲ್ಲಿ ನಗುತ್ತಿದ್ದಾರೆ. ಲೆಹಂಗಾದ ಲೆಕ್ಕವೂ ಹೀಗೆಯೇ ಎಂಬುದನ್ನು ಅವರು ಮರೆಯಬಾರದು, ಅದು ಶೇರ್ವಾನಿಗಿಂತಲೂ ಕಡಿಮೆ ಸಲ ಹೊರಗೆ ಬರುತ್ತದೆ.)

ಬಾಡಿಗೆಯ ಶೇರ್ವಾನಿ ಸಿಗುತ್ತದಲ್ಲ ಎಂದು ಒಬ್ಬರು ಹಿಂದಿನ ಸಾಲಿನಿಂದ ಹೇಳಿದರು. ಹೌದು, ಮಿರಜ, ಕೊಲ್ಹಾಪುರ, ಬೆಳಗಾವಿಯಲ್ಲಿ ಸಿಗುತ್ತದೆ. ನಾಲ್ಕೇ ಸಲ ಹಾಕುವ ಮಿಂಚಿನ ಕೋಟಿಗೆ ಬಾಡಿಗೆಯೇ ಬುದ್ಧಿವಂತಿಕೆ. ಠೇವಣಿಗೆ ಪಾವತಿ ತೆಗೆದುಕೊಳ್ಳಿ, ಬಗಲಿನ ಕಲೆಯನ್ನು ಮೊದಲೇ ನೋಡಿ ಬರೆಸಿರಿ. ಆದರೆ ‘ಬಾಡಿಗೆ ಬಟ್ಟೆ ಹಾಕಿದ’ ಎಂಬ ಮಾತಿಗೆ ನಮ್ಮ ಜನ ಹೆದರುತ್ತಾರೆ. ಸಾಲದ ಬಟ್ಟೆ ಹಾಕಲು ಮಾತ್ರ ಹೆದರುವುದಿಲ್ಲ.

ಅದಕ್ಕಾಗಿ ಪದಾಧಿಕಾರಿಗಳ ಮುಂದೆ ಒಂದು ಸೂಚನೆ ಇಡುತ್ತೇನೆ. ನಮ್ಮ ಸಂಘ ಹಳೆಯ ಪಠ್ಯಪುಸ್ತಕಗಳನ್ನು ಕೂಡಿಸಿ ಬಡ ಮಕ್ಕಳಿಗೆ ಕೊಡುತ್ತದೆ. ಆ ಕಪಾಟಿನ ಪಕ್ಕದಲ್ಲಿ ಇನ್ನೊಂದು ಕಪಾಟು ಇಡೋಣ. ಎದೆಯಳತೆ 36ರಿಂದ 44ರವರೆಗೆ ಐದು ಶೇರ್ವಾನಿ, ಸಾದಾ, ಎರಡು ಕರಿ, ಮೂರು ಕೆನೆ ಬಣ್ಣದವು. ಸಿದ್ಧ ಉಡುಪು ಬೇಡ, ನಮ್ಮ ಊರಿನ ದರ್ಜಿಯಿಂದ, ಬಗಲಿನಲ್ಲಿ ಒಂದೂವರೆ ಇಂಚು ಒಳಗೆ ಬಿಡಿಸಿ ಹೊಲಿಸೋಣ. ನಿಕಾಹಕ್ಕೆ ಯಾರಿಗೆ ಬೇಕೋ ಅವರಿಗೆ ಮೂರು ದಿನಕ್ಕೆ ಕೊಡೋಣ, ಬಡವ ಶ್ರೀಮಂತ ಎಂಬ ಭೇದವಿಲ್ಲದೆ. ಮೊದಲು ಸಂಘದ ಹಿರಿಯರ ಮಕ್ಕಳೇ ಹಾಕಿದರೆ ಉಳಿದವರಿಗೆ ಸಂಕೋಚ ಇರುವುದಿಲ್ಲ. ತೆಗೆದುಕೊಂಡವರು ಡ್ರೈಕ್ಲೀನಿಂಗ್ ಮಾಡಿಸಿ ಮರಳಿಸಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಇಡಬಾರದು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹಳೆಯ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಹಾಕಿ ಇಡಬೇಕು. ಕೀಲಿ ಯಾರ ಬಳಿ ಇರಬೇಕು, ರಜಿಸ್ಟರ್ ಯಾರು ಬರೆಯಬೇಕು ಎಂಬುದನ್ನು ಕಾರ್ಯಕಾರಿ ಸಭೆಯಲ್ಲಿ ನಿರ್ಧರಿಸಬಹುದು. ರಜಿಸ್ಟರ್ ಬರೆಯುವ ಕೆಲಸ ನನಗೆ ಕೊಟ್ಟರೆ ಮಾಡುತ್ತೇನೆ.

ನನ್ನ ಲಗ್ನದ ಶೇರ್ವಾನಿ ಕರಿ ಬಣ್ಣದ್ದು, ಅಳತೆ 40, ನನ್ನದೇ ಪಗಾರದಿಂದ ಹೊಲಿಸಿದ್ದು. ಎಡ ತೋಳಿನ ಒಂದು ಗುಂಡಿ ಹೋಗಿದೆ. ಅದನ್ನು ಹಚ್ಚಿಸಿ ಮುಂದಿನ ಜುಮ್ಮಾದ ನಂತರ ಕಚೇರಿಗೆ ತಂದುಕೊಡುತ್ತೇನೆ. ಉಳಿದ ನಾಲ್ಕಕ್ಕೆ ಹೆಸರು ಕೊಡುವವರು ಊಟದ ಮೊದಲು ಕಾರ್ಯದರ್ಶಿಗಳ ಬಳಿ ಬರೆಸಬೇಕಾಗಿ ವಿನಂತಿ.